ಆರ್ಥಿಕ ಹಿಂಜರಿತದ ಕುರಿತು ಕೊರಿಯನ್ ಭಾಷೆಯಲ್ಲಿ ಬರೆಯುವಾಗ ಯಾವ ಪದವನ್ನು ಎಲ್ಲಿ ಬಳಸಬೇಕು?

ಪ್ರಶ್ನೆ: ಬಳ್ಳಾರಿಯಿಂದ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವಳು. ಬಿ.ಕಾಂ. ಮುಗಿಸಿ, ಇಲ್ಲಿನ ಒಂದು ಜೀನ್ಸ್ ಹೊಲಿಗೆ ಘಟಕದ ಲೆಕ್ಕಪತ್ರ ನೋಡಿಕೊಳ್ಳುತ್ತ, ಮನೆಯಲ್ಲೇ ಕೊರಿಯನ್ ಭಾಷೆ ಕಲಿಯುತ್ತಿದ್ದೇನೆ. ಅನಂತಪುರದಾಚೆ ಪೆನುಕೊಂಡದ ಹತ್ತಿರ 2019ರಿಂದ ಕಿಯಾ ಕಾರುಗಳ ತಯಾರಿಕೆ ನಡೆಯುತ್ತಿದ್ದು, ಅದಕ್ಕೆ ಬಿಡಿಭಾಗ ಒದಗಿಸುವ ಕೊರಿಯನ್ ಕಂಪನಿಗಳೂ ಆ ಸುತ್ತಿನಲ್ಲಿವೆ. ಅಂಥ ಕಡೆ ಭಾಷಾಂತರದ ಕೆಲಸಕ್ಕೆ ಸೇರಬೇಕೆಂಬುದು ನನ್ನ ಉದ್ದೇಶವಾದ್ದರಿಂದ ಟೋಪಿಕ್ ಎಂಬ ಕೊರಿಯನ್ ಭಾಷಾ ಸಾಮರ್ಥ್ಯ ಪರೀಕ್ಷೆಯ ಎರಡನೆಯ ಹಂತಕ್ಕೆ ಸಿದ್ಧಳಾಗುತ್ತಿದ್ದೇನೆ.

ದಿನಬಳಕೆಯ ಮಾತು ಹೇಗೋ ಹಿಡಿತಕ್ಕೆ ಬಂದಿದೆ. ಆದರೆ ಕೊರಿಯನ್ ಪತ್ರಿಕೆಗಳ ಆರ್ಥಿಕ ಪುಟಕ್ಕೆ ಬಂದೊಡನೆ ಓದು ನಿಂತುಹೋಗುತ್ತದೆ. ಗ್ಯೊಂಗ್‌ಗಿ ಛಿಮ್‌ಛೆ, ಬುಲ್‌ಹ್ವಾಂಗ್, ಬುಲ್‌ಗ್ಯೊಂಗ್‌ಗಿ, ಗೊಂಗ್‌ಹ್ವಾಂಗ್, ದುನ್ಹ್ವಾ, ವಿಛುಕ್ ಎಂಬ ಇಷ್ಟು ಪದಗಳಿಗೂ ನಿಘಂಟು ಹೆಚ್ಚುಕಡಿಮೆ ಒಂದೇ ಅರ್ಥ ಕೊಡುತ್ತದೆ. ಇವುಗಳ ನಡುವಿನ ಅಂತರ ಪ್ರಮಾಣದ್ದೋ, ಸಂದರ್ಭದ್ದೋ, ಅಥವಾ ಬರಹ ಮತ್ತು ಮಾತಿನದ್ದೋ ಎಂಬುದನ್ನು ಯಾರಾದರೂ ತಿಳಿಸಿಕೊಡಬೇಕೆಂದು ಕೋರುತ್ತೇನೆ. ಕೆಲಸ ಕಳೆದುಕೊಳ್ಳುವುದಕ್ಕೂ ಇಂಥದ್ದೇ ನಾಲ್ಕಾರು ಪದಗಳಿದ್ದು, ಅವುಗಳಲ್ಲಿ ಯಾವುದನ್ನು ಹಿರಿಯರೆದುರು ಆಡಬಾರದು ಎಂಬುದೂ ನನಗೆ ತಿಳಿಯಬೇಕಾಗಿದೆ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಲಾರಿಗಳು ಸಾಲುಗಟ್ಟಿ ನಿಂತಿದ್ದನ್ನೂ, ಹೋಟೆಲು, ಗ್ಯಾರೇಜುಗಳು ಬಾಗಿಲು ಹಾಕಿದ್ದನ್ನೂ ಕಂಡವರು ನಾವು. ಅಂಥದ್ದನ್ನು ಒಬ್ಬ ಕೊರಿಯನ್ನರಿಗೆ ಅರ್ಥವಾಗುವಂತೆ, ಉತ್ಪ್ರೇಕ್ಷೆಯೂ ಇಲ್ಲದೆ ಹಗುರವೂ ಆಗದೆ ಹೇಳುವಷ್ಟು ಭಾಷೆ ನನಗೆ ಬೇಕು.

ಉತ್ತರ: ಗಂಗಾವತಿಯಿಂದ

ನಮಸ್ಕಾರ ಮೇಡಂ. ಕೊರಿಯನ್ ಉಕ್ಕು ಮತ್ತು ಯಂತ್ರೋಪಕರಣ ಕಂಪನಿಗಳ ಪತ್ರವ್ಯವಹಾರವನ್ನು ಭಾಷಾಂತರಿಸುವುದು ನನ್ನ ವೃತ್ತಿ. ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಈ ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದವರು ವಾಕ್ಯ ಬರೆಯುವಾಗ ಕಷ್ಟಪಡುವುದನ್ನು ನಾನು ಬಹಳ ನೋಡಿದ್ದೇನೆ.

ಮೊದಲಿಗೆ ಗ್ಯೊಂಗ್‌ಜೆ ಮತ್ತು ಗ್ಯೊಂಗ್‌ಗಿ ಎಂಬೆರಡನ್ನು ಬೇರ್ಪಡಿಸಿಕೊಳ್ಳಿ. ಗ್ಯೊಂಗ್‌ಜೆ ಎಂದರೆ ಅರ್ಥವ್ಯವಸ್ಥೆ; ಗ್ಯೊಂಗ್‌ಗಿ ಎಂದರೆ ಆ ವ್ಯವಸ್ಥೆಯ ಈಗಿನ ಸ್ಥಿತಿ, ಅಂದರೆ ವ್ಯಾಪಾರ ವಹಿವಾಟಿನ ಏರಿಳಿತ. ಹಿಂಜರಿತದ ಬಗೆಗಿನ ಬಹುಪಾಲು ಪದಗಳು ಹುಟ್ಟುವುದು ಈ ಎರಡನೆಯದರಿಂದ. ಆಟದ ಪಂದ್ಯಕ್ಕೂ ಗ್ಯೊಂಗ್‌ಗಿ ಎಂದೇ ಹೇಳುತ್ತಾರೆ, ಸೋಲ್ ನಗರವನ್ನು ಸುತ್ತುವರಿದ ಪ್ರಾಂತದ ಹೆಸರೂ ಅದೇ ಉಚ್ಚಾರದ್ದು. ಆದ್ದರಿಂದ ಶೀರ್ಷಿಕೆ ಓದುವಾಗ ಪಕ್ಕದ ಪದವನ್ನು ನೋಡದೆ ನಿರ್ಧರಿಸಬೇಡಿ.

ಇನ್ನು ಪ್ರಮಾಣದ ವಿಷಯ. ಬೆಳವಣಿಗೆ ಇದೆ, ಆದರೆ ಅದರ ವೇಗ ತಗ್ಗಿದೆ ಎಂದರೆ ಗ್ಯೊಂಗ್‌ಗಿ ದುನ್ಹ್ವಾ, ನಮ್ಮ ಪತ್ರಿಕೆಗಳ ‘ಮಂದಗತಿ’. ವಹಿವಾಟು ಕುಗ್ಗುತ್ತಿದೆ, ಜನ ಖರ್ಚಿಗೆ ಹಿಂಜರಿಯುತ್ತಿದ್ದಾರೆ ಎಂಬಲ್ಲಿ ವಿಛುಕ್ ಬರುತ್ತದೆ; ಸೊಬಿ ಶಿಮ್ನಿ, ಅಂದರೆ ಗ್ರಾಹಕರ ಮನಸ್ಥಿತಿ, ಎಂಬ ಪದದ ಜೊತೆಯಲ್ಲಿ ಇದನ್ನು ಪದೇ ಪದೇ ಕಾಣುವಿರಿ. ಕುಸಿತವು ಕೆಲಕಾಲ ಜಡವಾಗಿ ನೆಲೆನಿಂತರೆ ಗ್ಯೊಂಗ್‌ಗಿ ಛಿಮ್‌ಛೆ. ವರದಿ, ಪರೀಕ್ಷೆ, ಸುದ್ದಿವಾಚನ ಎಲ್ಲಕ್ಕೂ ಸಲ್ಲುವ ಪದ ಇದು. ಬುಲ್‌ಹ್ವಾಂಗ್ ಕೂಡ ಬರಹಕ್ಕೆ ಸಲ್ಲುತ್ತದೆ, ಆದರೆ ಇಡೀ ದೇಶಕ್ಕಿಂತ ಒಂದು ಉದ್ಯಮದ ಕೆಟ್ಟ ಕಾಲಕ್ಕೆ ಅದು ಹೆಚ್ಚು ಹೊಂದುತ್ತದೆ. ಛೊಲ್‌ಗಾಂಗ್ ಎಂದರೆ ಉಕ್ಕು. ಛೊಲ್‌ಗಾಂಗ್ ಬುಲ್‌ಹ್ವಾಂಗ್ ಎಂದು ಬರೆದರೆ ಉಕ್ಕು ಉದ್ಯಮದ ಮುಗ್ಗಟ್ಟು ಎಂದು ಯಾರಿಗೂ ತಿಳಿಯುತ್ತದೆ. ಇದರ ವಿರುದ್ಧ ಪದ ಹೊಹ್ವಾಂಗ್, ಅಂದರೆ ಭರಾಟೆಯ ಕಾಲ. ಬುಲ್‌ಗ್ಯೊಂಗ್‌ಗಿ ಎಂಬುದು ಅಂಗಡಿಯವರೂ ಟ್ಯಾಕ್ಸಿಯವರೂ ಆಡುವ ಮಾತು. ಗೊಂಗ್‌ಹ್ವಾಂಗ್ ಎಲ್ಲಕ್ಕಿಂತ ತೀವ್ರವಾದದ್ದು. 1929ರ ನಂತರದ ಮಹಾಕುಸಿತಕ್ಕೆ ದೆಗೊಂಗ್‌ಹ್ವಾಂಗ್ ಎನ್ನುತ್ತಾರೆ. ಸಾಧಾರಣ ಹಿಂಜರಿತಕ್ಕೆ ಇದನ್ನು ಬಳಸಿದರೆ ಕೇಳುವವರು ಗಾಬರಿಯಾಗುತ್ತಾರೆ. ಉಚ್ಚಾರದಲ್ಲಿ ‘ಹ್ವಾ’ ಜಾರಿ ‘ಹಾ’ ಆದರಂತೂ ಗೊಂಗ್‌ಹಾಂಗ್, ಅಂದರೆ ವಿಮಾನ ನಿಲ್ದಾಣ, ಎಂದಾಗಿಬಿಡುತ್ತದೆ.

ಈ ಪದಗಳೆಲ್ಲ ಚೀನೀ ಅಕ್ಷರಮೂಲದವು. ಆ ಅಕ್ಷರಗಳನ್ನು ಬರೆಯಲು ಕಲಿಯಬೇಕಾಗಿಲ್ಲ, ಆದರೆ ತುಣುಕುಗಳ ಅರ್ಥ ಗೊತ್ತಿದ್ದರೆ ಅರ್ಧ ಪುಟ ತಾನಾಗಿ ತೆರೆಯುತ್ತದೆ. ನಾವು ದುರ್, ನಿರ್, ಸು ಮುಂತಾದ ಉಪಸರ್ಗಗಳಿಂದ ಹೊಸ ಪದವನ್ನು ಊಹಿಸುವ ರೀತಿಯೇ ಇಲ್ಲಿಯೂ ನಡೆಯುತ್ತದೆ. ‘ಬುಲ್’ ನಿಷೇಧವನ್ನು ಸೂಚಿಸುತ್ತದೆ. ದ ಮತ್ತು ಜ ಧ್ವನಿಗಳ ಮುಂದೆ ಅದು ಸಾಮಾನ್ಯವಾಗಿ ‘ಬು’ ಆಗುತ್ತದೆ. ಬುದೊ (ಚೆಕ್ಕು, ಹುಂಡಿಗಳ ಹಣ ಸಲ್ಲದೆ ಕಂಪನಿ ಮುರಿದುಬೀಳುವುದು), ಬುಜೊಕ್ (ಕೊರತೆ), ಬುಜಿನ್ (ಮಂಕಾಗಿರುವುದು) ಈ ಮೂರರಲ್ಲೂ ಇರುವುದು ಅದೇ ತುಣುಕು. ‘ಗೊ’ ಎಂದರೆ ಹೆಚ್ಚು, ‘ಜೊ’ ಎಂದರೆ ಕಡಿಮೆ, ‘ಗುಪ್’ ಎಂದರೆ ಹಠಾತ್. ಕೊನೆಯಲ್ಲಿ ಬರುವ ‘ನಾನ್’ ಸಂಕಷ್ಟವನ್ನು ಹೇಳುತ್ತದೆ: ಜಾಗುಮ್‌ನಾನ್ ಹಣದ ಮುಗ್ಗಟ್ಟು, ಛ್ವಿಯೊಮ್‌ನಾನ್ ಕೆಲಸ ಸಿಗದ ಸಂಕಷ್ಟ, ಗುಯಿನ್‌ನಾನ್ ಕೆಲಸಗಾರರು ಸಿಗದ ಸಂಕಷ್ಟ. ಕೊನೆಯ ಎರಡರಲ್ಲಿ ತೊಂದರೆ ಯಾರದ್ದೆಂಬುದು ತಿರುವುಮುರುವಾಗುವುದರಿಂದ ಭಾಷಾಂತರದಲ್ಲಿ ಬಹಳ ಎಚ್ಚರ ಬೇಕು.

ಉಕ್ಕಿನ ನಾಡಿನವರಾದ ನಿಮಗೆ ಇನ್ನೂ ಕೆಲವು ಉಪಯೋಗಕ್ಕೆ ಬಂದಾವು. ಗೊಂಗ್‌ಗುಪ್ ಗ್ವಾಯಿಂಗ್ ಎಂದರೆ ಬೇಡಿಕೆಗಿಂತ ಪೂರೈಕೆ ಹೆಚ್ಚಾಗಿರುವುದು, ಗಾಮ್‌ಸಾನ್ ಎಂದರೆ ಉತ್ಪಾದನೆ ತಗ್ಗಿಸುವುದು, ಗಾದೊಂಗ್‌ನ್ಯುಲ್ ಎಂದರೆ ಕಾರ್ಖಾನೆಯ ಸಾಮರ್ಥ್ಯದಲ್ಲಿ ಎಷ್ಟು ಪಾಲು ನಡೆಯುತ್ತಿದೆ ಎಂಬ ಪ್ರಮಾಣ. ತೋರಣಗಲ್ಲಿನಿಂದ ಕೊಪ್ಪಳದವರೆಗಿನ ಕಾರ್ಖಾನೆಗಳಲ್ಲಿ ಮಾರುಕಟ್ಟೆ ಬಿದ್ದಾಗ ಚರ್ಚೆಯಾಗುವುದು ಈ ಮೂರೇ ಸಂಗತಿ, ಕೊರಿಯಾದ ಉಕ್ಕಿನ ನಗರವಾದ ಪೊಹಾಂಗ್‌ನಲ್ಲಿಯೂ ಅಷ್ಟೇ.

ಉತ್ತರ: ರಾಯಚೂರಿನಿಂದ

ಮೇಲಿನ ವಿವರಣೆ ಉತ್ತಮವಾಗಿದೆ. ನಾನು ಅರ್ಥಶಾಸ್ತ್ರದ ಅಧ್ಯಾಪಕ, ಕೊರಿಯನ್ ಭಾಷೆಯನ್ನು ಆಸಕ್ತಿಯಿಂದ ಓದಿಕೊಂಡವನು. ಪದಗಳ ಹಿಂದಿರುವ ಚರಿತ್ರೆಯನ್ನು ಬಿಟ್ಟರೆ ಕೊರಿಯನ್ನರ ಮಾತು ಪೂರ್ತಿ ಅರ್ಥವಾಗದು ಎಂಬ ಕಾರಣಕ್ಕೆ ಕೆಲವನ್ನು ಸೇರಿಸುತ್ತೇನೆ.

ಐವತ್ತು ದಾಟಿದ ಕೊರಿಯನ್ನರೊಬ್ಬರು ‘ಐಎಂಎಫ್ ತ್ತೆ’, ಅಂದರೆ ‘ಐಎಂಎಫ್ ಕಾಲದಲ್ಲಿ’, ಎಂದರೆ ಅವರು ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಎಂಬ ಸಂಸ್ಥೆಯ ಬಗ್ಗೆ ಹೇಳುತ್ತಿಲ್ಲ. 1997ರ ಕೊನೆಗೆ ಆರಂಭವಾದ ವಿದೇಶಿ ವಿನಿಮಯ ಬಿಕ್ಕಟ್ಟಿನ ಬಗ್ಗೆ ಹೇಳುತ್ತಿದ್ದಾರೆ. ಇದಕ್ಕೆ ಬರಹದ ಪದ ವೆಹ್ವಾನ್ ವಿಗಿ. ಆ ವರ್ಷದ ಜನವರಿಯಲ್ಲೇ ಹಾನ್‌ಬೊ ಎಂಬ ಉಕ್ಕಿನ ಕಂಪನಿ ಬುದೊ ಆಯಿತು. ನೀವು ಕೆಲಸ ಬಯಸುವ ಕಡೆ ಕಾರು ತಯಾರಿಸುತ್ತಿರುವ ಕಿಯಾ ಕೂಡ 1997ರಲ್ಲಿ ಸಾಲದ ಸುಳಿಗೆ ಸಿಲುಕಿ, ಮರುವರ್ಷ ಹ್ಯುಂಡೈ ಸಮೂಹದ ಪಾಲಾಯಿತು. 1997ರ ನವೆಂಬರ್ 21ರಂದು ಸರ್ಕಾರ ಆ ನಿಧಿಯ ನೆರವು ಕೋರುವುದಾಗಿ ಪ್ರಕಟಿಸಿತು, ಡಿಸೆಂಬರ್ 3ರಂದು ಒಪ್ಪಂದವಾಯಿತು. ನಿಧಿಯ ಪಾಲಿನ ಸಾಲ ಸುಮಾರು 2,100 ಕೋಟಿ ಡಾಲರ್. ಅದಕ್ಕೆ ಮುಂಚೆ ಒಂದು ಡಾಲರಿಗೆ ಸಾವಿರಕ್ಕಿಂತ ಕಡಿಮೆ ಇದ್ದ ವೊನ್, ಅಂದರೆ ಕೊರಿಯಾದ ಹಣ, ಆ ಡಿಸೆಂಬರಿನಲ್ಲಿ 1,900ನ್ನೂ ದಾಟಿತು. 1998ರಲ್ಲಿ ನಿರುದ್ಯೋಗ ಪ್ರಮಾಣ ಶೇಕಡ 7ರ ಆಸುಪಾಸಿಗೆ ಏರಿತು. ಹ್ವಾನ್ಯುಲ್ (ವಿನಿಮಯ ದರ), ಗುಜೊ ಜೊಜೊಂಗ್ (ಕಂಪನಿಗಳ ಪುನರ್ರಚನೆ), ಜೊಂಗ್ನಿ ಹೆಗೊ (ಆರ್ಥಿಕ ಕಾರಣಕ್ಕೆ ಸಾಮೂಹಿಕವಾಗಿ ಕೆಲಸದಿಂದ ತೆಗೆಯುವುದು) ಎಂಬ ಪದಗಳು ಮನೆಮನೆಯ ಮಾತಾದದ್ದು ಆಗಲೇ.

ಆ ಕಾಲದ ಇನ್ನೊಂದು ಪದಗುಚ್ಛ ಗುಮ್ ಮೊಉಗಿ ಉಂದೊಂಗ್, ಚಿನ್ನ ಸಂಗ್ರಹಿಸುವ ಚಳವಳಿ. ದೇಶದ ಸಾಲ ತೀರಿಸಲೆಂದು ಸುಮಾರು 35 ಲಕ್ಷ ಜನ ಮದುವೆಯ ಉಂಗುರ, ಮಕ್ಕಳ ಉಡುಗೊರೆಯ ಉಂಗುರಗಳನ್ನು ತಂದೊಪ್ಪಿಸಿ ಸರಿಸುಮಾರು 227 ಟನ್ ಚಿನ್ನ ಕೂಡಿಸಿದರು. ನಮ್ಮ ಜಿಲ್ಲೆಯ ಹಟ್ಟಿ ಗಣಿಯಿಂದ ವರ್ಷಕ್ಕೆ ಹೊರಬರುವ ಚಿನ್ನ ಒಂದೆರಡು ಟನ್ನಿನ ಲೆಕ್ಕದಲ್ಲಿರುತ್ತದೆ ಎಂಬುದನ್ನು ಬಲ್ಲವರಿಗೆ ಈ ಮೊತ್ತದ ಗಾತ್ರ ತಿಳಿದೀತು. ನಿಧಿಯ ಸಾಲವನ್ನು ಅವರು ಗಡುವಿಗೆ ಮುಂಚೆಯೇ, 2001ರ ಆಗಸ್ಟಿನಲ್ಲಿ, ತೀರಿಸಿದರು. ಆದ್ದರಿಂದ ಈ ಪದಗಳನ್ನು ಆಡುವಾಗ ಎದುರಿನವರ ಮನೆಯಲ್ಲೂ ಆಗ ಯಾರೋ ಕೆಲಸ ಕಳೆದುಕೊಂಡಿದ್ದಿರಬಹುದು ಎಂಬ ಅರಿವಿರಲಿ.

ಅಂಕಿಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಆರ್ಥಿಕ ಸುದ್ದಿಯಲ್ಲಿ ಭಾಷಾಂತರಕಾರರು ಹೆಚ್ಚು ಎಡವುವುದು ಅಲ್ಲಿಯೇ. ಅವರ ಎಣಿಕೆ ಹತ್ತು ಸಾವಿರಗಳ ಗುಂಪಿನದು. ಒಂದು ಮಾನ್ ಎಂದರೆ ಹತ್ತು ಸಾವಿರ, ಆದ್ದರಿಂದ ಹತ್ತು ಮಾನ್ ನಮ್ಮ ಒಂದು ಲಕ್ಷ. ಒಂದು ಒಕ್ ಎಂದರೆ ಹತ್ತು ಕೋಟಿ. ಒಂದು ಜೊ ಎಂದರೆ ಒಂದು ಲಕ್ಷ ಕೋಟಿ. ಮಿಲಿಯನ್, ಬಿಲಿಯನ್‌ಗಳ ಮೂಲಕ ಸುತ್ತಿ ಬರುವ ಬದಲು ಜೊ ಎಂದೊಡನೆ ಲಕ್ಷ ಕೋಟಿ ಎಂದು ನೇರವಾಗಿ ಬರೆದುಕೊಳ್ಳುವುದು ಕನ್ನಡಿಗರಿಗೆ ಸುಲಭ.

ಹೋಲಿಕೆಯ ಪದಗಳೂ ಮುಖ್ಯ. ಜೊನ್‌ನ್ಯೊನ್ ದೊಂಗ್‌ಗಿ ದೆಬಿ ಎಂದರೆ ಹಿಂದಿನ ವರ್ಷದ ಇದೇ ಅವಧಿಗೆ ಹೋಲಿಸಿದರೆ ಎಂದು; ಜೊನ್‌ಬುನ್‌ಗಿ ದೆಬಿ ಎಂದರೆ ಹಿಂದಿನ ತ್ರೈಮಾಸಿಕಕ್ಕೆ ಹೋಲಿಸಿದರೆ ಎಂದು. ಒಂದೇ ತ್ರೈಮಾಸಿಕವು ಮೊದಲ ಅಳತೆಯಲ್ಲಿ ಬೆಳವಣಿಗೆಯನ್ನೂ ಎರಡನೆಯದರಲ್ಲಿ ಕುಸಿತವನ್ನೂ ತೋರಿಸಬಹುದು. ಸತತ ಎರಡು ತ್ರೈಮಾಸಿಕ ಕುಸಿತ ಕಂಡರೆ ಛಿಮ್‌ಛೆ ಎನ್ನುವುದು ಪತ್ರಿಕೆಗಳ ರೂಢಿಯ ಅಳತೆಗೋಲು. ಬೆಳವಣಿಗೆ ಸೊನ್ನೆಗಿಂತ ಕೆಳಗಿಳಿದರೆ ಅದನ್ನು ಯೊಕ್‌ಸೊಂಗ್‌ಜಾಂಗ್ ಅಥವಾ ಮೈನೊಸು ಸೊಂಗ್‌ಜಾಂಗ್ ಎನ್ನುತ್ತಾರೆ. ಕೊರಿಯಾದ ವಾರ್ಷಿಕ ಲೆಕ್ಕದಲ್ಲಿ 1998ರ ನಂತರ ಇದು ಕಂಡದ್ದು ಕೊರೊನಾ ವರ್ಷವಾದ 2020ರಲ್ಲಿ.

ಉತ್ತರ: ಸಂಡೂರಿನಿಂದ

ನಾನು ಕೊರಿಯಾದ ಉಲ್ಸಾನ್ ನಗರದಲ್ಲಿ ಕೆಲವು ವರ್ಷ ಕೆಲಸ ಮಾಡಿ ಊರಿಗೆ ಮರಳಿದವನು. ಪುಸ್ತಕದ ಭಾಷೆಯ ವಿಷಯದಲ್ಲಿ ಇಬ್ಬರು ಹಿರಿಯರೂ ಹೇಳಬೇಕಾದದ್ದನ್ನು ಹೇಳಿದ್ದಾರೆ. ಮೇಡಂ ಕೇಳಿದ ಬಾಯಿಮಾತಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಊಟದ ಅಂಗಡಿಯಲ್ಲಿ, ಬಸ್ಸಿನಲ್ಲಿ ಛಿಮ್‌ಛೆ ಎಂಬ ಪದ ಕಿವಿಗೆ ಬೀಳುವುದು ಅಪರೂಪ. ‘ಯೊಜುಮ್ ಗ್ಯೊಂಗ್‌ಗಿಗಾ ಆನ್ ಜೊವಾಯೊ’ ಎನ್ನುತ್ತಾರೆ, ಈಚೆಗೆ ಪರಿಸ್ಥಿತಿ ಚೆನ್ನಾಗಿಲ್ಲ ಎಂದರ್ಥ. ಅಂಗಡಿಯವರಾದರೆ ‘ಜಾಂಗ್‌ಸಾಗಾ ಆನ್ ದ್ವೆಯೊ’, ವ್ಯಾಪಾರ ಆಗುತ್ತಿಲ್ಲ. ಗಿರಾಕಿಯೇ ಇಲ್ಲದಿದ್ದರೆ ‘ಫಾರಿಮಾನ್ ನಾಲ್ಲಿಗೊ ಇಸ್ಸೊಯೊ’ ಎನ್ನುವರು. ಫಾರಿ ಎಂದರೆ ನೊಣ. ನಮ್ಮಲ್ಲಿಯೂ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕುಳಿತಿದ್ದಾನೆ ಎನ್ನುವುದುಂಟಾದ್ದರಿಂದ ಈ ಮಾತನ್ನು ಕಲಿಯಲು ನನಗೆ ಶ್ರಮವೇ ಆಗಲಿಲ್ಲ. ನಾವು ಹೊಟ್ಟೆಬಟ್ಟೆ ಕಟ್ಟಿ ಬದುಕುವುದು ಎಂದರೆ ಅವರು ಸೊಂಟದ ಪಟ್ಟಿ ಬಿಗಿಯುವುದು ಎನ್ನುತ್ತಾರೆ, ‘ಹೊರಿತ್ತಿರುಲ್ ಜೊಲ್ಲಾಮೆದಾ’. ಪತ್ರಿಕೆಯವರಿಗೆ ಚಳಿಯ ಚಿತ್ರ ಪ್ರಿಯ: ಗೊಯೊಂಗ್ ಹಾನ್‌ಫಾ ಎಂದರೆ ಉದ್ಯೋಗದ ಶೀತಗಾಳಿ, ಅಂದರೆ ನೇಮಕಾತಿ ನಿಂತುಹೋಗಿರುವುದು. ಬಿಸಿಲ ನಾಡಿನ ನಮಗೆ ಚಳಿ ಕಷ್ಟದ ಗುರುತೆಂದು ಒಡನೆ ಹೊಳೆಯುವುದಿಲ್ಲ. ಭಾಷಾಂತರದಲ್ಲಿ ಉದ್ಯೋಗಾವಕಾಶಗಳ ಬರ ಎಂದರೆ ಸರಿಹೋಗುತ್ತದೆ.

ಹಿರಿಯರೆದುರು ಆಡಬಾರದ ಮಾತು ಜಾಲ್ಲಿದಾ. ಕತ್ತರಿಸಲ್ಪಡುವುದು ಎಂಬ ಅರ್ಥದ ಈ ಕ್ರಿಯಾಪದವನ್ನು ಗೆಳೆಯರು ತಮ್ಮ ಕೆಲಸ ಹೋದುದರ ಬಗ್ಗೆ ತಾವೇ ಆಡಿಕೊಳ್ಳುತ್ತಾರೆ. ಇನ್ನೊಬ್ಬರ ಬಗ್ಗೆ, ಅದರಲ್ಲೂ ಹಿರಿಯರ ಬಗ್ಗೆ ಆಡಿದರೆ ನೋವಾಗುತ್ತದೆ. ಅಲ್ಲಿ ‘ಹ್ವೆಸಾರುಲ್ ಗುಮಾಂದುಶ್ಯೊಸ್ಸೊಯೊ’, ಅಂದರೆ ಕಂಪನಿ ಬಿಟ್ಟರು, ಎನ್ನುವುದೇ ಮರ್ಯಾದೆ. ಮ್ಯೊಂಗ್ಯೆ ಥ್ವೆಜಿಕ್, ಹಿಮಾಂಗ್ ಥ್ವೆಜಿಕ್ ಎಂಬೆರಡು ಪದಗಳೂ ಕಾಣಸಿಗುತ್ತವೆ. ಅಕ್ಷರಶಃ ಗೌರವದ ನಿವೃತ್ತಿ, ಬಯಕೆಯ ನಿವೃತ್ತಿ ಎಂದಾಗುತ್ತದೆ. ಕನ್ನಡಕ್ಕೆ ತರುವಾಗ ಎರಡನ್ನೂ ಸ್ವಯಂ ನಿವೃತ್ತಿ ಎಂದರೆ ಸಾಕು, ನಮ್ಮ ವಿ.ಆರ್.ಎಸ್. ಗೊತ್ತಿರುವ ಓದುಗರಿಗೆ ಅದರೊಳಗಿನ ಒತ್ತಡವೂ ಗೊತ್ತಿರುತ್ತದೆ.

ಮರುಪ್ರಶ್ನೆ: ಬಳ್ಳಾರಿಯಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ಸ್ಪಷ್ಟವಾದ ವಿವರಣೆ ನನಗೆ ಯಾವ ಪಾಠದಲ್ಲೂ ಸಿಕ್ಕಿರಲಿಲ್ಲ. ಪರೀಕ್ಷೆಯ 53ನೆಯ ಪ್ರಶ್ನೆಯಲ್ಲಿ ನಕ್ಷೆ ನೋಡಿ 200ರಿಂದ 300 ಅಕ್ಷರಗಳಲ್ಲಿ ವಿವರಿಸಬೇಕಾಗುತ್ತದೆ. ಅಭ್ಯಾಸಕ್ಕೆಂದು ನಾನೇ ಕಲ್ಪಿಸಿಕೊಂಡ ಒಂದು ನಕ್ಷೆಗೆ ನಾಲ್ಕು ವಾಕ್ಯ ಬರೆದಿದ್ದೇನೆ, ದಯವಿಟ್ಟು ತಿದ್ದಿಕೊಡಿ.

ಗ್ಯೊಂಗ್‌ಜೆಗಾ ಮೈನೊಸು ಸೊಂಗ್‌ಜಾಂಗುಲ್ ಗಿರೊಖೆಸ್ಸುಮ್ನಿದಾ. (ಅರ್ಥವ್ಯವಸ್ಥೆ ಋಣಾತ್ಮಕ ಬೆಳವಣಿಗೆಯನ್ನು ದಾಖಲಿಸಿತು.)
ಛಿಮ್‌ಛೆಗಾ ಜುಂಗಾಹೆಸ್ಸುಮ್ನಿದಾ. (ಹಿಂಜರಿತ ಹೆಚ್ಚಾಯಿತು.)
ಮಾನುನ್ ಹ್ವೆಸಾಗಾ ಜಿಗ್ವೊನುಲ್ ಹೆಗೊದ್ವೆಸ್ಸುಮ್ನಿದಾ. (ಅನೇಕ ಕಂಪನಿಗಳು ನೌಕರರನ್ನು ತೆಗೆದವು.)
ಶಿರೊಮ್‌ನ್ಯುರಿ ಇಲ್ ಫೊಸೆಂಥು ಜುಂಗಾಹೆಸ್ಸುಮ್ನಿದಾ. (ನಿರುದ್ಯೋಗ ಪ್ರಮಾಣ ಶೇಕಡ 3ರಿಂದ 4ಕ್ಕೆ ಏರಿತು ಎಂಬುದು ನನ್ನ ಉದ್ದೇಶ.)

ಉತ್ತರ: ಗಂಗಾವತಿಯಿಂದ

ಮೇಡಂ, ಪದಗಳ ಆಯ್ಕೆ ಸರಿಯಾಗಿದೆ, ತಿದ್ದಬೇಕಾದದ್ದು ಕ್ರಿಯಾಪದಗಳನ್ನು. ಪರೀಕ್ಷೆಯ ಬರಹದಲ್ಲಿ 53 ಮತ್ತು 54ನೆಯ ಪ್ರಶ್ನೆಗಳಿಗೆ ‘ಸುಮ್ನಿದಾ’ ಎಂಬ ಸಂಭಾಷಣೆಯ ರೂಪ ಹೊಂದುವುದಿಲ್ಲ. ‘ದಾ’ ಎಂದು ಮುಗಿಯುವ ಬರಹದ ರೂಪ ಬೇಕು. ಆದ್ದರಿಂದ ಮೊದಲ ವಾಕ್ಯ ‘ಗಿರೊಖೆತ್ತಾ’ ಎಂದು ಮುಗಿಯಲಿ, ಉಳಿದ ಮೂರಕ್ಕೂ ಇದೇ ನಿಯಮ.

ಎರಡನೆಯ ವಾಕ್ಯದಲ್ಲಿ ಕನ್ನಡದ ‘ಹೆಚ್ಚಾಯಿತು’ ನಿಮ್ಮನ್ನು ಜುಂಗಾಹಾದಾ ಕಡೆಗೆ ಎಳೆದಿದೆ. ಆ ಕ್ರಿಯಾಪದ ಎಣಿಸಬಹುದಾದ, ಅಳೆಯಬಹುದಾದ ಮೊತ್ತಗಳಿಗೆ ಮೀಸಲು: ನಿರುದ್ಯೋಗಿಗಳ ಸಂಖ್ಯೆ, ರಫ್ತು, ಸಾಲ ಇತ್ಯಾದಿ. ಹಿಂಜರಿತ ತೀವ್ರವಾಗುತ್ತದೆ ಅಥವಾ ಆಳವಾಗುತ್ತದೆ, ಆದ್ದರಿಂದ ‘ಛಿಮ್‌ಛೆಗಾ ಶಿಮ್ಹೆಜ್ಯೊತ್ತಾ’ ಅಥವಾ ‘ಗಿಫೊಜ್ಯೊತ್ತಾ’ ಎಂದು ಬರೆಯಿರಿ. ‘ಬುಲ್‌ಹ್ವಾಂಗ್ ಕೆಟ್ಟಿತು’ ಎಂಬರ್ಥದಲ್ಲಿ ನಾಪ್ಪಾಜ್ಯೊತ್ತಾ ಹಚ್ಚುವುದೂ ಸಲ್ಲದು. ಕೆಡುವುದು ಗ್ಯೊಂಗ್‌ಗಿ, ಬುಲ್‌ಹ್ವಾಂಗ್ ಅಲ್ಲ. ಹಿಂಜರಿತಕ್ಕೆ ಬೀಳುವುದಕ್ಕೆ ‘ಛಿಮ್‌ಛೆಎ ಪ್ಪಾಜಿದಾ’, ಅದನ್ನು ಅನುಭವಿಸುವುದಕ್ಕೆ ‘ಗ್ಯೊಕ್ಕ್‌ದಾ’, ಗೆದ್ದು ಹೊರಬರುವುದಕ್ಕೆ ‘ಗುಕ್‌ಬೊಖಾದಾ’ ಎಂದು ನಾಮಪದ ಕ್ರಿಯಾಪದಗಳನ್ನು ಜೋಡಿಯಾಗಿಯೇ ಬರೆದಿಟ್ಟುಕೊಳ್ಳಿ.

ಮೂರನೆಯದರಲ್ಲಿ ನೌಕರರು ಕರ್ಮಸ್ಥಾನದಲ್ಲಿದ್ದಾರೆ, ಕ್ರಿಯಾಪದ ಮಾತ್ರ ಕರ್ಮಣಿಯಾಗಿದೆ. ಕಂಪನಿ ಕರ್ತೃವಾದರೆ ‘ಜಿಗ್ವೊನುಲ್ ಹೆಗೊಹೆತ್ತಾ’, ನೌಕರರು ಕರ್ತೃವಾದರೆ ‘ಜಿಗ್ವೊನಿ ಹೆಗೊದ್ವೆತ್ತಾ’. ಅನ್ಯಾಯಕ್ಕೊಳಗಾದರು ಎಂಬ ಭಾವ ಬೇಕಾದಲ್ಲಿ ‘ಹೆಗೊ ದಾಂಗ್ಹೆತ್ತಾ’ ಇದೆ, ಆದರೆ ನಕ್ಷೆಯ ವಿವರಣೆಯಲ್ಲಿ ಅದನ್ನು ಬಳಸಬೇಡಿ.

ನಾಲ್ಕನೆಯದು ಭಾಷೆಯ ಜೊತೆಗೆ ಲೆಕ್ಕದ ಪ್ರಶ್ನೆಯೂ ಹೌದು. ಶೇಕಡ 3ರಿಂದ 4ಕ್ಕೆ ಹೋದರೆ ಅದು ಒಂದು ಶೇಕಡ ಏರಿಕೆಯಲ್ಲ, ಒಂದು ಶೇಕಡಾಂಶದ ಏರಿಕೆ. ಕೊರಿಯನ್ನಿನಲ್ಲಿ ‘ಫೊಸೆಂಥು ಫೊಯಿಂಥು’ ಎನ್ನಬೇಕು. ಪ್ರಮಾಣ, ದರ, ಬೆಲೆಗಳ ಏರಿಳಿತಕ್ಕೆ ಸಾಂಗ್‌ಸುಂಗ್ ಮತ್ತು ಹಾರಾಕ್, ಸಂಖ್ಯೆ ಮೊತ್ತಗಳಿಗೆ ಜುಂಗಾ ಮತ್ತು ಗಾಮ್‌ಸೊ ಎಂದು ವಿಂಗಡಿಸಿಕೊಂಡರೆ ಗೊಂದಲವಿರುವುದಿಲ್ಲ. ಹಾಗಾಗಿ ಈ ವಾಕ್ಯ ‘ಶಿರೊಮ್‌ನ್ಯುರಿ ಇಲ್ ಫೊಸೆಂಥು ಫೊಯಿಂಥು ಸಾಂಗ್‌ಸುಂಗ್ಹೆತ್ತಾ’ ಎಂದಾಗಬೇಕು. ಕಾರಣವನ್ನೂ ಸೇರಿಸಿ ಇನ್ನೆರಡು ವಾಕ್ಯ ಬರೆದು ಇಲ್ಲಿಯೇ ಹಾಕಿ, ನೋಡಿ ಹೇಳುತ್ತೇನೆ.